ಹೌದಪ್ಪನ ಹೊಟ್ಟೆಯುರಿ

ಹೆತ್ತವರು ಇಟ್ಟ ಹೆಸರು ಅವನಿಗೆ ಬೇರೆಯೇ ಇತ್ತು, ಆದರೆ ಬೀದಿಯಲ್ಲಿ ಅದು ಯಾರಿಗೂ ನೆನಪಿರಲಿಲ್ಲ. ಎಲ್ಲರೂ ಕರೆಯುತ್ತಿದ್ದದ್ದು ಹೌದಪ್ಪ ಎಂದೇ. ಕ್ಷೌರದಂಗಡಿಯವನು. ಒಂದು ಕುರ್ಚಿ, ಅದರೆದುರು ಗೋಡೆಯಗಲ ಕನ್ನಡಿ, ಕಾಯುವವರಿಗೆ ಒಂದು ಬೆಂಚು, ಬೆಂಚಿನ ಮೇಲೆ ಆ ದಿನದ ಪೇಪರು. ಆಳುವ ಪಕ್ಷದವನು ಕುರ್ಚಿಯಲ್ಲಿ ಕೂತರೆ ಹೌದಪ್ಪ ಆಳುವ ಪಕ್ಷದವನು. ಅವನೆದ್ದು ವಿರೋಧ ಪಕ್ಷದವನು ಬಂದು ಕೂತನೋ, ಹೊದಿಸುವ ಬಟ್ಟೆ ಕೊಡವಿ ಮತ್ತೆ ಹೊದಿಸುವಷ್ಟರಲ್ಲಿ ಹೌದಪ್ಪನ ಪಕ್ಷವೂ ಬದಲಾಗಿರುತ್ತಿತ್ತು. ಹೌದಪ್ಪನ ಚಾವಡಿಯಲ್ಲಿ ಹೌದಪ್ಪ, ಅಲ್ಲಪ್ಪನ ಚಾವಡಿಯಲ್ಲಿ ಅಲ್ಲಪ್ಪ ಎಂದು ಗಾದೆ. ಇವನಿಗೆ ಚಾವಡಿ ಬದಲಿಸುವ ತಾಪತ್ರಯವೂ ಇರಲಿಲ್ಲ, ಎಲ್ಲ ಚಾವಡಿಯೂ ಅದೊಂದೇ ಕುರ್ಚಿಗೆ ಬಂದು ಕೂರುತ್ತಿತ್ತು.

ಹಾಗೆಂದು ಬೆನ್ನೆಲುಬಿಲ್ಲದ ಮನುಷ್ಯ ಎಂದುಕೊಳ್ಳಬೇಡಿ. ಇದು ಕಸುಬು ಕಲಿಸಿದ ಪಾಠ. ಅಪ್ಪನ ಕೈಕೆಳಗೆ ಕೆಲಸ ಕಲಿಯುವ ವಯಸ್ಸಿನಲ್ಲಿ ಅವನಿಗೂ ಬಾಯಿ ಇತ್ತು. ಯಾವುದೋ ಚುನಾವಣೆಯ ಬಿಸಿಯಲ್ಲಿ ಒಬ್ಬ ಗಿರಾಕಿಗೆ, "ನೀವು ಹೇಳೋದು ಶುದ್ಧ ಸುಳ್ಳು" ಎಂದುಬಿಟ್ಟ. ಗಿರಾಕಿ ಎದ್ದ. ಒಂದು ಕೆನ್ನೆ ನುಣ್ಣಗೆ, ಇನ್ನೊಂದರ ಮೇಲೆ ಸೋಪಿನ ನೊರೆ, ಕುತ್ತಿಗೆಗೆ ಕಟ್ಟಿದ ಬಟ್ಟೆ ಕಟ್ಟಿದಂತೆಯೇ. ಆ ವೇಷದಲ್ಲಿ ಬೀದಿಯ ಈ ತುದಿಯಿಂದ ಆ ತುದಿಯವರೆಗೆ, ಎದುರು ಸಿಕ್ಕವರಿಗೆಲ್ಲ ಅರ್ಧ ಮುಖ ತೋರಿಸುತ್ತ ನಡೆದುಹೋದ. ಬಟ್ಟೆಯೂ ಹಿಂದಿರುಗಲಿಲ್ಲ, ಗಿರಾಕಿಯೂ ಹಿಂದಿರುಗಲಿಲ್ಲ. ಅಪ್ಪ ಹೊಡೆಯಲಿಲ್ಲ. "ಕತ್ತಿ ನಮ್ಮ ಕೈಲಿರುತ್ತೆ, ಕುತ್ತಿಗೆ ಅವನದ್ದು. ಕತ್ತಿ ಹಿಡಿದೋನು ಜಗಳ ಆಡಿದ್ರೆ ಯಾರು ಕುತ್ತಿಗೆ ಕೊಡ್ತಾರೆ? ಕುರ್ಚಿ ಮೇಲೆ ಕೂತೋನ ಪಕ್ಷವೇ ನಮ್ಮ ಪಕ್ಷ" ಎಂದ. ಮಗ ಆ ಮಾತನ್ನು ಗಂಟು ಹಾಕಿಕೊಂಡ, ತಲೆ ನೆರೆಯುವ ಕಾಲಕ್ಕೂ ಬಿಚ್ಚಲಿಲ್ಲ.

ಆದರೆ ನುಂಗಿದ ಮಾತು ಎಲ್ಲಿಗೆ ಹೋಗುತ್ತದೆ? ಅವನಿಗೂ ಒಂದು ಪಕ್ಷವಿತ್ತು, ಗಟ್ಟಿಯಾಗಿಯೇ ಇತ್ತು. ಮನುಷ್ಯ ತನ್ನದು ಎಂದಿದ್ದರೆ ಮಾತ್ರ ಜೋಪಾನ ಮಾಡುತ್ತಾನೆ, ಎಲ್ಲರದ್ದೂ ಎಂದ ವಸ್ತು ಯಾರದ್ದೂ ಅಲ್ಲ, ಸರ್ಕಾರ ಕೈಹಾಕಿದ್ದೆಲ್ಲ ತುಕ್ಕು: ಇದು ಅವನ ನಂಬಿಕೆ, ಆಳುವ ಪಕ್ಷದ್ದೂ ಅದೇ. ಹಗಲೆಲ್ಲ ಗಂಟಲಲ್ಲೇ ಉಳಿದ "ಅಲ್ಲ"ಗಳನ್ನು ಸಂಜೆ ಮನೆಗೆ ಹೊತ್ತು ತಂದು ಊಟದ ಮೇಜಿನ ಮೇಲೆ ಸುರಿಯುತ್ತಿದ್ದ. "ಬೀದಿಗೆ ಹೌದಪ್ಪ, ನನ್ನ ಪಾಲಿಗೆ ಬಂದಿದ್ದು ಅಲ್ಲಪ್ಪ" ಎನ್ನುತ್ತಿದ್ದಳು ಹೆಂಡತಿ. ಆಕೆಗೂ ಬಾಯಿಯೇನು ಕಡಿಮೆಯಿರಲಿಲ್ಲ, ಹಾಗಾಗಿ ಸಂಸಾರ ಸರಿಯಾಗಿಯೇ ನಡೆದಿತ್ತು.

ಒಬ್ಬಳೇ ಮಗಳು. ಚಿಕ್ಕವಳಿದ್ದಾಗ ಅಂಗಡಿಯ ಬೆಂಚಿನ ಮೇಲೆ ಕಾಲು ಆಡಿಸುತ್ತ ಪೇಪರು ಓದಿ ಹೇಳುತ್ತಿದ್ದಳು. ಅಪ್ಪ ಗಿರಾಕಿಗೆ ಹೌದು ಹೌದು ಎನ್ನುತ್ತಲೇ ಕನ್ನಡಿಯಲ್ಲಿ ಅವಳಿಗೆ ಕಣ್ಣು ಮಿಟುಕಿಸಿದರೆ, ಇದು ಸುಳ್ಳು ಹೌದು ಎಂದು ಅವಳಿಗೊಬ್ಬಳಿಗೇ ಗೊತ್ತಾಗುತ್ತಿತ್ತು. ಮನೆಗೆ ಬಂದು ಅವನು ಬೈದವರನ್ನೆಲ್ಲ ಅವಳೂ ಬೈಯುತ್ತಿದ್ದಳು. ಶಾಲೆಯ ಚರ್ಚಾಸ್ಪರ್ಧೆಯಲ್ಲಿ ಅಪ್ಪನ ಮಾತನ್ನು ಅಪ್ಪನ ಹಾಗೇ ಕೈಬೀಸಿ ಆಡಿ ಬಹುಮಾನ ತಂದಳು. ಅಂದು ಹೌದಪ್ಪನಿಗೆ ಆದಷ್ಟು ಸಂತೋಷ ಮದುವೆಯ ದಿನವೂ ಆಗಿರಲಿಲ್ಲ ಎಂದು ಅವನ ಹೆಂಡತಿಯೇ ಹೇಳುತ್ತಾಳೆ.

ಕಾಲೇಜಿನ ಎರಡನೇ ವರ್ಷದಲ್ಲಿ ಅವಳು ಮೊದಲ ಸಲ, "ನನಗೆ ಹಾಗನ್ಸಲ್ಲ ಅಪ್ಪಾ" ಎಂದಳು. ಅವನು ಯಾಕೆ ಎಂದು ಕೇಳಲಿಲ್ಲ. "ಯಾರು ಹೇಳಿಕೊಟ್ಟಿದ್ದು?" ಎಂದು ಕೇಳಿದ.

ಇಲ್ಲೇ ಇರುವುದು ಅವನ ರೋಗದ ಬೇರು. ಜನ ಅದನ್ನು ರಾಜಕೀಯದ ಜಗಳ ಎಂದುಕೊಂಡರು, ಅವನೂ ಹಾಗೇ ಅಂದುಕೊಂಡ. ನನ್ನನ್ನು ಕೇಳಿದರೆ ಅದು ಶುದ್ಧ ಹೊಟ್ಟೆಕಿಚ್ಚು. ತಾನು ತುಂಬಿದ ತಲೆಯೊಳಗೆ ತಾನಿಲ್ಲದಾಗ ಯಾರೋ ನುಗ್ಗಿ ಸಾಮಾನು ಬದಲಿಸಿದ್ದಾರೆ ಎಂದು ಅವನಿಗೆ ಉರಿ. ಮೊದಲು ಕಾಲೇಜಿನ ಒಬ್ಬ ಮೇಷ್ಟ್ರ ಮೇಲೆ ಅನುಮಾನ, ಆಮೇಲೆ ಒಬ್ಬಳು ಗೆಳತಿಯ ಮೇಲೆ, ಆ ಗೆಳತಿ ಬೇರೆ ಊರಿಗೆ ಹೋದ ಮೇಲೆ ಅವಳು ಬಿಟ್ಟುಹೋದ ಪುಸ್ತಕಗಳ ಮೇಲೆ. ಮಗಳು ಯಾರನ್ನಾದರೂ ಪ್ರೀತಿಸಿ ಮನೆಗೆ ಕರೆತಂದಿದ್ದರೆ ಅವನು ಇಷ್ಟು ಉರಿಯುತ್ತಿರಲಿಲ್ಲ. ಅಂಥದ್ದಕ್ಕೆ ಅಪ್ಪಂದಿರು ಒಳಗೊಳಗೇ ತಯಾರಿರುತ್ತಾರೆ.

ಮಗಳು ಬಸ್ ಡ್ರೈವರ್ ಆದಳು. ನಗರಸಭೆಯ ಬಸ್ಸು, ಡಿಪೋದಲ್ಲಿ ಕೆಲಸ, ಕೆಲಸಗಾರರ ಸಂಘದಲ್ಲಿ ಓಡಾಟ. ಆ ಹೊತ್ತಿಗೆ ಆಳುವ ಪಕ್ಷ ಊರಿನ ಬಸ್ಸುಗಳನ್ನೆಲ್ಲ ಒಂದು ಕಂಪನಿಗೆ ವಹಿಸಲು ಹೊರಟಿತ್ತು. ಸಂಘ ಬೇಡವೆಂದಿತು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುವಂತೆ ಮನೆಯಲ್ಲಿ ದಿನಾ ಎಳೆದಾಟ.

"ನನ್ನ ಅಂಗಡಿ ನೋಡು" ಎಂದ ಒಂದು ಸಂಜೆ. "ನನ್ನದು ಅಂತ ಇರೋದಕ್ಕೇ ಕನ್ನಡಿ ಫಳಫಳ ಅನ್ನುತ್ತೆ. ನಿಮ್ಮ ಬಸ್ಸು ಯಾರದ್ದು? ಅದಕ್ಕೇ ಸೀಟು ಹರಿದು ಹಲ್ಲು ಕಿರೀತಿದೆ."

"ನಿನ್ನ ಅಂಗಡಿ ನಿನಗೆ ಬೇಡ ಅನ್ನಿಸಿದ ದಿನ ಬಾಗಿಲು ಹಾಕ್ತೀಯ ಅಪ್ಪಾ. ನನಗೆ ಹಾಗೆ ಆಗುತ್ತಾ? ಗುಡ್ಡದ ಬಡಾವಣೆಗೆ ಕೊನೇ ಟ್ರಿಪ್ಪಲ್ಲಿ ಒಬ್ಬಳೇ ಮುದುಕಿ ಕೂತಿರ್ತಾಳೆ. ಆಸ್ಪತ್ರೇಲಿ ನೆಲ ಒರೆಸಿ ಬರ್ತಿರ್ತಾಳೆ. ಕಂಪನಿಯೋನು ಅವಳೊಬ್ಬಳಿಗೆ ಅಂತ ಬಸ್ಸು ಹತ್ತಿಸ್ತಾನಾ ಗುಡ್ಡಕ್ಕೆ?"

ಚೆನ್ನಾದ ಮಾತು. ಅದು ಚೆನ್ನಾಗಿದೆ ಎಂಬುದೇ ಅವನಿಗೆ ಸಹಿಸಲಾಗಲಿಲ್ಲ. ಇಷ್ಟು ಒಳ್ಳೆಯ ಮಾತು ತನ್ನ ಮನೆಯ ಮೇಜಿನ ಮೇಲೆ ಬಂದು ಕೂತಿದೆ, ತನಗೂ ಅದಕ್ಕೂ ಸಂಬಂಧವಿಲ್ಲ. "ಇದು ಡಿಪೋದೋರ ಮಾತು" ಎಂದ. "ಅವರು ಊದ್ತಾರೆ, ನೀನು ಪೀಪಿ. ಆ ತಲೇಲಿ ನಿನ್ನ ಸ್ವಂತದ್ದು ಅಂತ ಒಂದಾದ್ರೂ ಇದೆಯಾ?"

ಅವಳು ಅವನನ್ನು ನೋಡಿದಳು. ಕೂಗುತ್ತಾಳೆ ಎಂದು ಅವನು ಕಾದ, ಉತ್ತರವನ್ನೂ ಮಸೆದಿಟ್ಟುಕೊಂಡ. "ಇಲ್ಲ ಬಿಡು" ಎಂದಳು, ತಟ್ಟೆ ತೊಳೆದಿಟ್ಟು ಕೋಣೆಗೆ ಹೋದಳು.

ಅಂದಿನಿಂದ ಮನೆಯಲ್ಲಿ ರಾಜಕೀಯ ನಿಂತಿತು. ಊಟ ಆಯ್ತಾ, ಬಿಸಿಲು ಜಾಸ್ತಿ, ಮಂಡಿನೋವು ಹೇಗಿದೆ: ಪಕ್ಕದ ಮನೆಯವರನ್ನು ಕೇಳುವ ಹಾಗೆ ಕೇಳುತ್ತಿದ್ದಳು. ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಅವನು ಬದುಕಿಕೊಳ್ಳುತ್ತಿದ್ದ. ಮೊದಮೊದಲು ಗೆದ್ದೆ ಎಂದುಕೊಂಡವನಿಗೆ ಬರಬರುತ್ತಾ ಊಟ ಸಪ್ಪೆಯಾಯಿತು, ಸಾಯಂಕಾಲಗಳು ಉದ್ದವಾದವು. ಹಗಲು ನುಂಗಿದ್ದನ್ನು ಕಕ್ಕಲು ಜಾಗವಿಲ್ಲದೆ ಹೊಟ್ಟೆ ಉಬ್ಬರಿಸಿತು. ಅವಳ ಜೊತೆ ಒಂದು ಒಳ್ಳೆಯ ಜಗಳವಾಡಲು ಅವನು ಬಾಯಿ ಬಾಯಿ ಬಿಡುತ್ತಿದ್ದ, ಆದರೆ ಬೇಕೆಂದು ಕೇಳುವುದು ಹೇಗೆ?

ಅಂಗಡಿಯ ಪಕ್ಕಕ್ಕೆ ದರ್ಜಿಯ ಅಂಗಡಿ. ನಡುವೆ ಒಂದು ಪ್ಲೈವುಡ್ ಹಲಗೆ, ಅಷ್ಟೆ. ದರ್ಜಿ ಹೌದಪ್ಪನಿಗಿಂತ ಒಂದೆರಡು ವರ್ಷ ಚಿಕ್ಕವನು, ಹೆಂಡತಿ ಸತ್ತವನು, ಮಕ್ಕಳಿಲ್ಲ. ತಲೆ ಫುಟ್ಬಾಲಿನ ಹಾಗೆ ಬೋಳು, ಗಡ್ಡ ತಾನೇ ಕೆರೆದುಕೊಳ್ಳುತ್ತಿದ್ದ. ಹೌದಪ್ಪನ ಕುರ್ಚಿ ಹತ್ತದ ಒಬ್ಬನೇ ಗಂಡಸು ಅವನು, ಆದ್ದರಿಂದಲೇ ಹೌದಪ್ಪ ಬೀದಿಯಲ್ಲಿ ನಿಜ ಹೇಳುತ್ತಿದ್ದದ್ದೂ ಅವನೊಬ್ಬನಿಗೇ. ಮಧ್ಯಾಹ್ನ ಗಿರಾಕಿಯಿಲ್ಲದ ಹೊತ್ತಿನಲ್ಲಿ ಇಬ್ಬರೂ ಮೆಟ್ಟಿಲ ಮೇಲೆ ಕೂತು ಚಹಾ ಕುಡಿಯುವಾಗ ಹೌದಪ್ಪ ಹೇಳುತ್ತಿದ್ದ, ದರ್ಜಿ ಕೇಳುತ್ತಿದ್ದ. ವರ್ಷಾನುಗಟ್ಟಲೆ ಕೇಳಿ ಕೇಳಿ ದರ್ಜಿಯೂ ಆಳುವ ಪಕ್ಷದವನೇ ಆಗಿಹೋಗಿದ್ದ. ಮಗಳು ಅವನನ್ನು ಚಿಕ್ಕಪ್ಪ ಎಂದು ಕರೆಯುತ್ತಿದ್ದಳು.

ವಾರದ ರಜೆಯ ದಿನ ಅವಳು ಚಿಕ್ಕಪ್ಪನ ಅಂಗಡಿಗೆ ಹೋಗಿ ಕೂರಲು ಶುರುಮಾಡಿದಳು. ಮೊದಲು ಹರಿದ ಯೂನಿಫಾರ್ಮು ಹೊಲಿಸುವ ನೆಪ. ಆಮೇಲೆ ನೆಪವೂ ಬೇಕಾಗಲಿಲ್ಲ.

ಒಂದು ದಿನ ಹೌದಪ್ಪ ಪೋಸ್ಟ್‌ಮಾಸ್ಟರರಿಗೆ ಶೇವ್ ಮಾಡುತ್ತಿದ್ದ. ಊರಿನಲ್ಲೇ ಅಂಥ ಮೀಸೆ ಇನ್ನೊಂದಿರಲಿಲ್ಲ, ತುದಿಯನ್ನು ಸ್ವಲ್ಪ ಸರಿಮಾಡಿದರೆ ಸಾಕು ಎಂದಿದ್ದರು ಆ ಮನುಷ್ಯ. ಹಲಗೆಯಾಚೆಯಿಂದ ಮಗಳ ದನಿ ಕೇಳಿತು.

"ಸೀಟು ಹಲ್ಲು ಕಿರೀತಿದೆ ಅಂತೀರಲ್ಲ ಚಿಕ್ಕಪ್ಪ" ಎಂದು ನಗುತ್ತಿದ್ದಳು. "ಕಿರೀಲಿ ಬಿಡಿ, ನಗುಮುಖದ ಸೇವೆ ಅಂತ ಬೋರ್ಡು ಹಾಕ್ತೀವಿ."

ಹೌದಪ್ಪನ ಕಿವಿ ಅತ್ತ ಹೋಯಿತು, ಕತ್ತಿ ತನ್ನಷ್ಟಕ್ಕೆ ಓಡುತ್ತಿತ್ತು. ಹಲ್ಲು ಕಿರಿಯುವ ಸೀಟು ಅವನ ಮಾತು. ಅವನೇ ದರ್ಜಿಗೆ ಹೇಳಿದ್ದ, ಮನೆಯಲ್ಲಿ ಮಗಳಿಗೂ ಹೇಳಿದ್ದ. ಆಗ ಅವಳು ಹುಬ್ಬು ಗಂಟಿಕ್ಕಿದ್ದಳು. ಅದೇ ಮಾತು ಬೋಳುತಲೆಯ ಬಾಯಿಂದ ಬಂದರೆ ನಗುತ್ತಾಳೆ!

ದರ್ಜಿ ಬಿಡಲಿಲ್ಲ. "ಎಲ್ಲರದ್ದೂ ಅಂದಿದ್ದು ಯಾರದ್ದೂ ಅಲ್ಲ ಕಣಮ್ಮ" ಎಂದ. ಅದೂ ಹೌದಪ್ಪನದೇ. ಅವಳು ಅದಕ್ಕೊಂದು ತಿರುಗೇಟು ಕೊಟ್ಟಳು. "ಆಮೇಲೆ?" ಎಂದ ದರ್ಜಿ. ಅವಳು ಇನ್ನೂ ಹೇಳಿದಳು. "ನಾನು ಒಪ್ಪಲ್ಲಪ್ಪ. ಆದ್ರೆ ಹೇಳು, ಆಮೇಲೆ?" ಹೊಲಿಗೆ ಯಂತ್ರ ನಿಂತಿತ್ತು. ಮೊದಲಿನ ಹಾಗೆ, ಕೈಬೀಸುವುದು ಕಾಣದಿದ್ದರೂ ಕೇಳಿಸುವ ಹಾಗೆ ಮಗಳು ಮಾತಾಡುತ್ತಿದ್ದಳು. ಗೆದ್ದಲು ಕಟ್ಟಿದ ಹುತ್ತದಲ್ಲಿ ಹಾವು ಸೇರಿಕೊಂಡಂತೆ, ತಾನು ಕಟ್ಟಿದ ಒಂದೊಂದು ಮಾತಿನಲ್ಲೂ ದರ್ಜಿ ಆರಾಮಾಗಿ ಕೂತು ತನ್ನ ಮಗಳ ಮಾತಿನ ಸುಖ ಪಡುತ್ತಿದ್ದಾನೆ ಎನಿಸಿ ಹೌದಪ್ಪನ ಹೊಟ್ಟೆಗೆ ಬೆಂಕಿ ಬಿತ್ತು. ಮೇಷ್ಟ್ರಾಗಿದ್ದರೆ, ಡಿಪೋದವರಾಗಿದ್ದರೆ, ಬೇರೆ ಪಕ್ಷದವರು, ತಲೆ ಕೆಡಿಸಿದರು ಎನ್ನಬಹುದಿತ್ತು. ಇವನದ್ದು ತನ್ನದೇ ಪಕ್ಷ, ತನ್ನವೇ ಮಾತು. ಹಾಗಾದರೆ ತನ್ನಲ್ಲಿಲ್ಲದ್ದು ಆ ಬೋಳನಲ್ಲಿ ಏನಿದೆ?

"ಏನ್ ಮಾಡಿದೆಯೋ!" ಎಂದು ಪೋಸ್ಟ್‌ಮಾಸ್ಟರರು ಕಿರುಚಿದರು. ಹೌದಪ್ಪ ಕನ್ನಡಿ ನೋಡಿದ. ಮೀಸೆಯ ಎಡಭಾಗ ಇರಲಿಲ್ಲ.

"ಹೌದಪ್ಪಾ" ಎಂದ ಅವನು, ಅಭ್ಯಾಸಬಲದಿಂದ.

ಬಲಭಾಗವನ್ನೂ ತೆಗೆದು, ಕ್ಷಮೆ ಕೇಳಿ, ಹತ್ತು ವರ್ಷ ಚಿಕ್ಕವರಾಗಿ ಕಾಣುತ್ತೀರಿ ಎಂದು ಪೂಸಿ ಹೊಡೆದು, ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಅವರನ್ನು ಕುರ್ಚಿಯಿಂದ ಎಬ್ಬಿಸಿದ. ಬಾಗಿಲಲ್ಲಿ ನಿಂತು ಅವರು ಸೇಡು ತೀರಿಸಿಕೊಂಡರು. ಗೊತ್ತಿದ್ದು ಹೇಳಿದರೋ ಗೊತ್ತಿಲ್ಲದೆಯೋ ನಾನರಿಯೆ. "ಭಾನುವಾರ ಸಂಜೆ ಡಿಪೋ ಗೇಟಲ್ಲಿ ನಿನ್ನ ಮಗಳ ಭಾಷಣ ಇದೆಯಲ್ಲ, ಹೋಗ್ತೀಯ ತಾನೇ? ದರ್ಜಿ ಆಗಲೇ ಕೋಟು ಇಸ್ತ್ರಿ ಮಾಡಿಟ್ಟಿದ್ದಾನೆ. ಮುಂದಿನ ಸಾಲಲ್ಲಿ ಕುರ್ಚಿ ಇಡ್ತೀನಿ ಅಂದಿದ್ದಾಳಂತೆ ನಿನ್ನ ಮಗಳು."

"ಹೌದು ಹೌದು, ಗೊತ್ತು" ಎಂದ ಹೌದಪ್ಪ. ಗೊತ್ತಿರಲಿಲ್ಲ.

ಅವರು ಹೋದ ಮೇಲೆ ಕಾಲು ಸುಟ್ಟ ಬೆಕ್ಕಿನ ಹಾಗೆ ಅಂಗಡಿಯೊಳಗೇ ಸುತ್ತಿದ. ಮಗಳು ಮನೆಗೆ ಹೋದದ್ದು ಕಂಡ ಕೂಡಲೇ ದರ್ಜಿಯ ಬಾಗಿಲಲ್ಲಿ ನಿಂತ.

"ನನ್ನ ಮಗಳಿಗೆ ಏನೇನು ತುಂಬ್ತಿದ್ದೀಯ?"

ದರ್ಜಿ ಸೂಜಿಗೆ ದಾರ ಪೋಣಿಸುತ್ತಿದ್ದ. "ನೀನು ನನಗೆ ತುಂಬಿದ್ದೇ. ನನ್ನ ಹತ್ರ ಬೇರೆ ಏನಿದೆ?"

"ಮತ್ತೆ ಅವಳು ನಗ್ತಾಳೆ?"

"ಅದನ್ನ ಅವಳನ್ನೇ ಕೇಳು." ದರ್ಜಿ ತಲೆಯೆತ್ತಿದ. ಅವನ ಮುಖದಲ್ಲಿ ಮರುಕವಿತ್ತು, ಮರುಕದ ಕೆಳಗೆ ಒಂದಿಷ್ಟು ಜಂಬವೂ ಇತ್ತು. ಜಂಬವನ್ನು ಹೌದಪ್ಪ ತಡೆದುಕೊಂಡಾನು, ಮರುಕವನ್ನಲ್ಲ. "ನನಗೂ ವಾರಕ್ಕೊಂದು ದಿನ ಮನೇಲಿ ಮಕ್ಕಳಿದ್ದ ಹಾಗಾಗುತ್ತೆ ಕಣೋ. ಅದಕ್ಕೂ ಹೊಟ್ಟೆಕಿಚ್ಚು ಪಡ್ತೀಯಾ?"

"ನನಗ್ಯಾಕೆ ಹೊಟ್ಟೆಕಿಚ್ಚು!" ಎಂದು ಅಬ್ಬರಿಸಿ ಹೊರಟ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನಂತೆ ಬೀದಿಯುದ್ದಕ್ಕೂ ಅದನ್ನೇ ಗೊಣಗುತ್ತ ನಡೆದ.

ಅಂದು ಊಟಕ್ಕೆ ಕೂತಾಗ ಅವನೊಂದು ಉಪಾಯ ಮಾಡಿದ. ತಲೆಯಲ್ಲಿ ಇದ್ದದ್ದು ಒಂದೇ ಲೆಕ್ಕ: ಜಗಳದಿಂದ ಕಳೆದುಕೊಂಡೆ, ದರ್ಜಿ ಒಪ್ಪದೆಯೇ ಇಷ್ಟು ಗಳಿಸಿದ, ಇನ್ನು ನಾನು ಒಪ್ಪಿಯೇಬಿಟ್ಟರೆ? ಜಗತ್ತಿನಲ್ಲಿ ಯಾರನ್ನೇ ಆಗಲಿ ಒಲಿಸಿಕೊಳ್ಳಲು ಅವನಿಗೆ ಗೊತ್ತಿದ್ದ ವಿದ್ಯೆಯೂ ಅದೊಂದೇ.

"ಆ ಬಸ್ಸಿನ ವಿಷಯ ಯೋಚನೆ ಮಾಡಿದೆ" ಎಂದ. "ನೀನು ಹೇಳೋದೇ ಸರಿ."

ಮಗಳು ಥಟ್ಟನೆ ತಲೆಯೆತ್ತಿದಳು. ಅವಳ ಕಣ್ಣಲ್ಲಿ ಏನೋ ಹೊತ್ತಿಕೊಂಡಿತು. "ಯಾವುದು ಸರಿ?"

"ಎಲ್ಲಾ. ಕಂಪನಿಯೋರು ಅಂದ್ರೆ ಲಾಭ ನೋಡೋರೇ, ಬಿಡು. ಸರ್ಕಾರದ್ದು ಸರ್ಕಾರದ್ದಾಗೇ ಇರಬೇಕು. ಹೌದು ಹೌದು. ನೀವು ಡ್ರೈವರುಗಳಿಗೆ ಗೊತ್ತಿರೋದು ನಮಗೇನು ಗೊತ್ತಿರುತ್ತೆ?"

ಹೊತ್ತಿಕೊಂಡದ್ದು ಆರಿಹೋಯಿತು. ಬೆಂಚಿನ ಮೇಲೆ ಕೂತು ಈ ದನಿಯನ್ನು ಸಾವಿರ ಸಲ ಕೇಳಿ ಬೆಳೆದವಳು ಅವಳು. ಬಟ್ಟೆ ಹೊದಿಸುವಾಗಿನ ದನಿ, ಕತ್ತಿ ಮಸೆಯುವಾಗಿನ ದನಿ. ವ್ಯತ್ಯಾಸ ಒಂದೇ, ಈ ಸಲ ಕನ್ನಡಿಯಲ್ಲಿ ಕಣ್ಣು ಮಿಟುಕಿಸುವವರು ಯಾರೂ ಇರಲಿಲ್ಲ.

"ಅಪ್ಪಾ, ನಾನು ಗಿರಾಕಿನಾ?" ಎಂದಳು. "ಬೈತಿದ್ದಾಗ ನಿನ್ನ ಮಗಳಾದ್ರೂ ಆಗಿದ್ದೆ. ಸ್ವಂತ ತಲೆ ಇಲ್ಲ ಅಂದೆ, ಹೋಗ್ಲಿ ಅಂದ್ಕೊಂಡೆ. ಈಗ ಕುರ್ಚಿ ಮೇಲೆ ಕೂರಿಸಿ ಸೋಪು ಹಚ್ತಿದ್ದೀಯಲ್ಲ."

ಊಟ ಅರ್ಧಕ್ಕೇ ಬಿಟ್ಟು ಎದ್ದಳು. ಹೌದಪ್ಪ ಇಂಗು ತಿಂದ ಮಂಗನ ಹಾಗೆ ಹೆಂಡತಿಯ ಮುಖ ನೋಡಿದ.

"ನನ್ನ ಏನು ನೋಡ್ತೀರಾ? ಇಷ್ಟು ವರ್ಷ ನನ್ನ ಮಾತಿಗೂ ಹಿಂಗೇ ಹೌದು ಹೌದು ಅಂದಿದ್ರೆ ನಾನು ಎಂದೋ ಗಂಟುಮೂಟೆ ಕಟ್ತಿದ್ದೆ" ಎಂದಳು ಆಕೆ. ಮಗಳ ತಟ್ಟೆ ಮುಚ್ಚಿಟ್ಟಳು. ಆಮೇಲೆ, "ದರ್ಜಿ ಹತ್ರ ಏನಿದೆ ಅಂತ ಅಂಗಡಿಯಿಂದ ಬಂದಾಗಿಂದ ನನ್ನ ತಲೆ ತಿಂತಿದ್ದೀರಲ್ಲ. ಅವನು ಅವಳನ್ನ ಯಾರು ಹೇಳಿಕೊಟ್ಟಿದ್ದು ಅಂತ ಕೇಳಲ್ಲ. ಅಷ್ಟೇ ಇರೋದು" ಎಂದಳು.

"ನಿನಗೆ ಯಾರು ಹೇಳಿದ್ದು?" ಎಂದು ಅವನ ಬಾಯಿಗೆ ಬಂದೇಬಿಟ್ಟಿತ್ತು. ಹೇಗೋ ನುಂಗಿಕೊಂಡ.

ಭಾನುವಾರದವರೆಗೆ ಅವನು ಹೋಗುವುದಿಲ್ಲ ಎಂದೇ ಇದ್ದ. ಕರೆಯದ ಮೇಲೆ ಹೋಗುವುದು ಹೇಗೆ? ಆದರೆ ಸಂಜೆ ದರ್ಜಿ ಇಸ್ತ್ರಿ ಮಾಡಿದ ಕೋಟು ತೊಟ್ಟು, ಬೋಳುತಲೆಗೆ ಎಣ್ಣೆ ಸವರಿ ಮಿರಮಿರ ಮಿಂಚುತ್ತ, ಹೆಣ್ಣು ಕೊಟ್ಟ ಮಾವನ ಗತ್ತಿನಲ್ಲಿ ಅಂಗಡಿಯ ಮುಂದೆ ಹಾದುಹೋದದ್ದನ್ನು ಕಂಡ ಮೇಲೆ ಹೌದಪ್ಪನಿಗೆ ಕುರ್ಚಿಯ ಪಕ್ಕ ನಿಲ್ಲಲಾಗಲಿಲ್ಲ. ಬಾಗಿಲು ಎಳೆದು, ದೂರದಿಂದಲೇ ಅವನ ಹಿಂದೆ ನಡೆದ.

ಡಿಪೋ ಗೇಟಿನ ಮುಂದೆ ಜನ ಸೇರಿದ್ದರು. ಕೆಟ್ಟುನಿಂತ ಒಂದು ಬಸ್ಸಿಗೆ ಬೆನ್ನು ಮಾಡಿ ಹಲಗೆಯ ವೇದಿಕೆ ಹಾಕಿದ್ದರು. ಹೌದಪ್ಪ ಎಲ್ಲರಿಗಿಂತ ಹಿಂದೆ, ಕಾಂಪೌಂಡಿಗೆ ಒರಗಿ ನಿಂತ. ಅಲ್ಲಿಂದ ಕಾಣುತ್ತಿದ್ದದ್ದೆಲ್ಲ ಹಿಂದಲೆಗಳೇ, ಮುಖಕ್ಕಿಂತ ಹಿಂದಲೆಗಳೇ ಅವನಿಗೆ ಚೆನ್ನಾಗಿ ಗೊತ್ತು. ಆ ಸುಳಿ ಬೇಕರಿಯವನದು, ಆ ಮಚ್ಚೆ ಶಾಲೆಯ ಜವಾನನದು, ಆ ಎರಡು ಮಡಿಕೆ ಕುತ್ತಿಗೆ ಬ್ಯಾಂಕಿನವನದು. ಮೀಸೆ ಕಳೆದುಕೊಂಡವರೂ ಬಂದಿದ್ದರು. ಪ್ರತಿಯೊಬ್ಬನೂ ಹೌದಪ್ಪ ತನ್ನ ಪಕ್ಷದವನು ಎಂದು ನಂಬಿದ್ದ. ಮುಂದಿನ ಸಾಲಿನ ನಟ್ಟನಡುವೆ ಒಂದು ಬೋಳು ಮಿಂಚುತ್ತಿತ್ತು.

ಮಗಳು ಮಾತಾಡಿದಳು. ಅವನು ಕಳ್ಳನನ್ನು ಹಿಡಿಯುವವನಂತೆ ಕಿವಿಗೊಟ್ಟು ಕೇಳಿದ. ಇದು ಮೇಷ್ಟ್ರದ್ದೇ? ಇದು ಗೆಳತಿಯ ಪುಸ್ತಕದ್ದೇ? ಈಗ ಬರುತ್ತದೆ ನೋಡು ಡಿಪೋದವರದ್ದು. ಬರಲಿಲ್ಲ. ಮಳೆಗಾಲದಲ್ಲಿ ಗುಡ್ಡದ ತಿರುವಿನಲ್ಲಿ ಬ್ರೇಕು ಹೇಗೆ ಹಿಡಿಯುತ್ತದೆ ಎಂಬುದನ್ನು ಹೇಳಿದಳು. ಕತ್ತಲಲ್ಲಿ ತಂಗುದಾಣದಲ್ಲಿ ಒಬ್ಬಳೇ ನಿಂತ ಹೆಂಗಸು ಬಸ್ಸಿನ ದೀಪ ಕಂಡಾಗ ಚೀಲವನ್ನು ಎದೆಯಿಂದ ಕೆಳಗಿಳಿಸುತ್ತಾಳೆ ಎಂದಳು, ಅದನ್ನು ಡ್ರೈವರ್ ಸೀಟಿನಿಂದ ಮಾತ್ರ ನೋಡಲು ಸಾಧ್ಯ ಎಂದಳು. ಇದನ್ನು ಯಾರು ಹೇಳಿಕೊಟ್ಟಾರು? ಹುಡುಕುತ್ತ ಹುಡುಕುತ್ತ ಅವನು ತನ್ನ ಮಾತಿಗಾಗಿಯೂ ತಡಕಿದ. ಒಂದೂ ಇರಲಿಲ್ಲ. ದರ್ಜಿಯದ್ದೂ ಇರಲಿಲ್ಲ. ಇಷ್ಟು ವರ್ಷ ಯಾರ ಯಾರ ಮೇಲೋ ಉರಿದನಲ್ಲ, ಕದ್ದವರು ಯಾರೂ ಇರಲೇ ಇಲ್ಲ. ಅದು ಅವನಿಗೆ ಸಮಾಧಾನವನ್ನೇನೂ ಕೊಡಲಿಲ್ಲ. ಕಳ್ಳನಿದ್ದರೆ ಹಿಡಿದು ಸಾಮಾನು ವಾಪಸು ತರಬಹುದು. ಇಲ್ಲದ ಕಳ್ಳನಿಂದ ಏನನ್ನು ತರುವುದು?

ಭಾಷಣ ಮುಗಿಯಿತು. ಚಪ್ಪಾಳೆಯೂ ಮುಗಿಯಿತು. "ಯಾರಾದ್ರೂ ಏನಾದ್ರೂ ಕೇಳೋದಿದ್ರೆ ಕೇಳಿ" ಎಂದಳು. ಯಾರೂ ಏಳಲಿಲ್ಲ. ದರ್ಜಿ ಕೋಟು ಸರಿಮಾಡಿಕೊಂಡು, ಗಂಟಲು ಸರಿಮಾಡಿಕೊಂಡು, ಏಳುವ ಅಂದಾಜಿನಲ್ಲಿ ಕುರ್ಚಿಯ ತೋಳು ಹಿಡಿದ. ಅವನೇನು ಕೇಳುತ್ತಾನೆ ಎಂದು ಹೌದಪ್ಪನಿಗೆ ಗೊತ್ತಿತ್ತು. ಹೋದ ವಾರ ಮೆಟ್ಟಿಲ ಮೇಲೆ ಕೂತು ತಾನೇ ಅವನಿಗೆ ಹೇಳಿದ್ದ ಪ್ರಶ್ನೆ. ಅದನ್ನೂ ಈಗ ಇವನು ಕೇಳಿ, ಅವಳು ಇವನತ್ತ ತಿರುಗಿ, ಆ ಕಣ್ಣು ಇವನಿಗಾಗಿ ಹೊಳೆದು...

"ನಾನು ಒಪ್ಪಲ್ಲ!" ಎಂದ ಹೌದಪ್ಪ.

ಎಲ್ಲ ಹಿಂದಲೆಗಳೂ ಮುಖಗಳಾದವು. ಬೇಕರಿಯವನು ಬಾಯಿ ತೆರೆದ. ಹೌದಪ್ಪನ ಬಾಯಲ್ಲಿ ಇಂಥ ಮಾತು ಬೀದಿಗೆ ಬೀದಿಯೇ ಕೇಳಿರಲಿಲ್ಲ. ದನಿ ಮನೆಯದೇ ಬಂತು, ಊಟದ ಮೇಜಿನ ಒರಟು ದನಿ.

"ನಾನು ಆಳೋ ಪಕ್ಷದೋನು. ಯಾವತ್ತಿಂದಲೂ ಅದೇ. ನನ್ನ ವೋಟು ನಿಮಗಿಲ್ಲ. ನನ್ನ ಕತ್ತಿ ಮೊಂಡಾದ್ರೆ ನಾಳೆ ನನಗೆ ಗಿರಾಕಿ ಇಲ್ಲ. ನಿನ್ನ ಬೆನ್ನ ಹಿಂದೆ ನಿಂತಿದೆಯಲ್ಲ ಆ ಬಸ್ಸು, ಅದು ಕೆಟ್ಟು ಎಷ್ಟು ಕಾಲ ಆಯ್ತು? ಅದಕ್ಕೆ ಡಿಪೋದಲ್ಲಿ ಯಾರ ಹೊಟ್ಟೆ ಮೇಲೆ ಏಟು ಬಿತ್ತು? ಹೇಳು ನೋಡೋಣ!"

ಮಗಳು ಮೈಕು ಹಿಡಿದುಕೊಂಡು ಅವನನ್ನೇ ನೋಡಿದಳು. ಎಷ್ಟೋ ಕಾಲದ ಮೇಲೆ ಅವಳ ಕಣ್ಣು ಹೊತ್ತಿಕೊಂಡಿತು, ಆರಲಿಲ್ಲ.

"ಯಾರ ಹೊಟ್ಟೆ ಮೇಲೂ ಬಿದ್ದಿಲ್ಲ" ಎಂದಳು. ಹಿಂದೆ ಕೂತಿದ್ದ ಸಂಘದವರು ಮಿಸುಕಾಡಿದರು. "ಅದು ನಮ್ಮ ತಪ್ಪೇ. ನಮ್ಮೋರು ಯಾರೂ ಬಾಯಿ ಬಿಡಲ್ಲ, ನಾನು ಹೇಳ್ತಿದ್ದೀನಿ. ಆದ್ರೆ ಕತ್ತಿ ಮೊಂಡಾಯ್ತು ಅಂತ ನೀನು ಅಂಗಡಿ ಮಾರ್ತೀಯಾ? ಮಸೀತೀಯ. ನಾನು ಕೇಳ್ತಿರೋದೂ ಅಷ್ಟೇ, ಮಸೆಯೋಕೆ ಬಿಡಿ. ಯಾರು ಮಸೆಯಲ್ಲ ಅಂತಾರೋ ಅವರ ಹೆಸರನ್ನ ಇದೇ ಗೇಟಲ್ಲಿ ಬರೆದು ಹಾಕೋ ಜವಾಬ್ದಾರಿ ನನ್ನದು."

ಒಳ್ಳೆಯ ಉತ್ತರ. ಪೂರ್ತಿ ಸರಿಯೆನಿಸಲಿಲ್ಲ ಅವನಿಗೆ, ಅದರಲ್ಲಿ ಎರಡು ತೂತು ಆಗಲೇ ಕಂಡಿದ್ದವು. ಆದರೆ ಅದು ತನಗೆ ಕೊಟ್ಟ ಉತ್ತರ. ಬಾಯಿ ತೆರೆಯುವಷ್ಟರಲ್ಲಿ ಬಲಗಡೆಯಿಂದ ಯಾರೋ ಕನ್ನಡಕದ ತರುಣ ಎದ್ದು ಇನ್ನೊಂದು ಪ್ರಶ್ನೆ ಕೇಳಿದ, ಅವಳು ಅತ್ತ ತಿರುಗಿ ಅದೇ ಹುರುಪಿನಲ್ಲಿ ಉತ್ತರಿಸತೊಡಗಿದಳು. ಅಷ್ಟಕ್ಕೇ ಹೌದಪ್ಪನ ಹೊಟ್ಟೆಯಲ್ಲಿ ಮತ್ತೆ ಕಿಡಿ. ಹುಟ್ಟುಗುಣ ಸುಟ್ಟರೂ ಹೋಗದಂತೆ. ಅವಳು ಆ ಕನ್ನಡಕದವನಿಗೆ ಹೇಳಿ ಮುಗಿಸುವುದನ್ನೂ ಕಾಯದೆ ಕೈಯೆತ್ತಿ, "ಏಯ್, ನನ್ನದಿನ್ನೂ ಮುಗಿದಿಲ್ಲ!" ಎಂದ.

ಜನ ಗೊಳ್ಳೆಂದು ನಕ್ಕರು. ಮಗಳೂ ನಕ್ಕಳು, ಮೈಕಿನಲ್ಲೇ. "ಅಪ್ಪಾ, ನೀನು ಒಂದು ಕೇಳಿ ಆಯ್ತಲ್ಲ. ಬೇರೆಯೋರಿಗೂ ಬಿಡು. ನಿನ್ನದು ಎಷ್ಟಿದ್ರೂ ಮನೇಲಿ ಕೇಳು, ಮನೇಲಿ ಕೂತು ಹೇಳ್ತೀನಿ."

ಹೌದಪ್ಪ ಕೈ ಇಳಿಸಿದ. ಮೈಕಿನಲ್ಲಿ ಬಂದ ಮಾತು, ಡಿಪೋದ ಆಚೆ ತುದಿಯವರೆಗೂ ಎಲ್ಲರಿಗೂ ಕೇಳಿಸಿರಲೇಬೇಕು. ಆದರೂ ಮುಂದಿನ ಸಾಲಿನಲ್ಲಿ ಕೂತವನಿಗೆ ಕೇಳಿಸಿತೋ ಇಲ್ಲವೋ ಎಂದು ತುದಿಗಾಲಲ್ಲಿ ನಿಂತು ನೋಡಿದ. ಕೇಳಿಸಿತ್ತು. ದರ್ಜಿ ಇತ್ತ ತಿರುಗಿದ್ದ, ಅವನ ಮುಖ ಹರಳೆಣ್ಣೆ ಕುಡಿದವನ ಹಾಗಿತ್ತು.